ಬೋಂಡಾ ತಡೆದ ಮೆಂಬರಮ್ಮ

ಮೆಂಬರಮ್ಮನಿಗೆ ಮೂಗಿನ ಎರಡೂ ಕಡೆ ಬೇಸರಿ ಇತ್ತು. ಎಡಗಡೆ ಕೆಂಪು ಹರಳು, ಬಲಗಡೆ ಬಿಳಿ. ಸಿಟ್ಟು ಬಂದರೆ ಅವರ ಬಾಯಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಹೊಳ್ಳೆ ಅರಳಿ ಬಿಳಿ ಹರಳು ಮಿಣುಕ್ ಎಂದರೆ ಸಾಕು, ಆಸ್ಪತ್ರೆ ಬೀದಿಯ ಜನ ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಅಂತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಅವರಲ್ಲೇ.

ನಾನು ಶ್ರೀನಿವಾಸಪುರದಿಂದ ಆ ಬೀದಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಮ್ಮ ಮನೆಯ ಎದುರಿಗೇ ಅವರ ಮನೆ. ಮನೆಗೆ ಅಂಟಿಕೊಂಡಂತೆ ಅವರ ಯಜಮಾನರ ಹುಣಸೆಹಣ್ಣಿನ ಮಂಡಿ. ಅವರು ಆಗಿನ್ನೂ ಮುನ್ಸಿಪಾಲ್ಟಿ ಮೆಂಬರ್ ಆಗಿರಲಿಲ್ಲ, ಎಲ್ಲರೂ ಮಂಡಿ ಅಮ್ಮ ಎನ್ನುತ್ತಿದ್ದರು. ಅಡುಗೆ ಮುಗಿಸಿ ಜಗಲಿಯ ಮೇಲೆ ಗೋಣಿತಾಟು ಹಾಸಿ ಕೂತರೆ ಕೈ ಹುಣಸೆ ಬೀಜ ಬಿಡಿಸುತ್ತಿತ್ತು, ಕಣ್ಣು ಬೀದಿಯ ಮೇಲಿರುತ್ತಿತ್ತು. ಹೊಸ ಸೊಸೆಯರ ಹೆಸರು ಅವರಿಗೆ ಬೇಕಿರಲಿಲ್ಲ, ತವರೂರೇ ಸಾಕು. ನನ್ನನ್ನು ಕಡೆಯವರೆಗೂ "ಸೀನಿವಾಸ್‌ಪುರದೋಳೇ" ಎಂದೇ ಕರೆದರು.

ನಮ್ಮ ಬೀದಿಯ ತುದಿಗೆ ಹೆರಿಗೆ ಆಸ್ಪತ್ರೆ. ಅದರ ಹಿಂದೆ ಕೆರೆಯ ಕಾಲುವೆ, ಹಾಗಾಗಿ ಹೋಗಲು ಇದ್ದದ್ದು ಇದೊಂದೇ ದಾರಿ. ಆ ದಾರಿಯ ಉದ್ದಕ್ಕೂ ಎರಡೂ ಕಡೆ ಮಂಡಿಗಳು, ಹುಣಸೆಹಣ್ಣು, ಕಡಲೆಕಾಯಿ, ಬೆಲ್ಲ. ಮಂಡಿ ಮುಂದೆ ಲಾರಿ. ನಂಗಲಿ ಕಡೆಯಿಂದ ಬಂದ ಡ್ರೈವರುಗಳು ಲಾರಿಯನ್ನು ಬೀದಿಯಲ್ಲೇ ನಿಲ್ಲಿಸಿ, ಊಟ ಮಾಡಿ, ಅದರಡಿಯಲ್ಲೇ ಮಲಗಿ, ಎದ್ದು ಹಲ್ಲುಜ್ಜಿ ಅಲ್ಲೇ ಉಗಿಯುತ್ತಿದ್ದರು. ಬೀದಿ ಅವರಪ್ಪನ ಮನೆ ಹಿತ್ತಲು! ಕೇಳುವವರು ಯಾರು? ಮಂಡಿಯವರೇ ಮುನ್ಸಿಪಾಲ್ಟಿ ಮೆಂಬರುಗಳು.

ನನ್ನ ಚೊಚ್ಚಲ ಹೆರಿಗೆಯ ದಿನ ಮಟಮಟ ಮಧ್ಯಾಹ್ನ. ನಮ್ಮತ್ತೆ ಜಟಕಾ ಕರೆಸಿದರು. ನಾಲ್ಕು ಮನೆ ದಾಟುವಷ್ಟರಲ್ಲಿ ಮುಂದೊಂದು ಲಾರಿ, ಪಕ್ಕಕ್ಕೊಂದು ಲಾರಿ, ಹಿಂದಕ್ಕೆ ತಿರುಗಿಸೋಣ ಅಂದರೆ ಅಲ್ಲೂ ಬಂದು ಇನ್ನೊಂದು ನಿಂತಿತು. ಕುದುರೆ ಕೆನೆಯಿತು, ನಾನು ಕಿರುಚಿದೆ. ಜಟಕಾದವನು "ದೇವ್ರೇ ದೇವ್ರೇ" ಅನ್ನುವುದು ಬಿಟ್ಟರೆ ಏನೂ ಮಾಡಲಾರ. ಆಗ ಮಂಡಿ ಅಮ್ಮ ಹುಣಸೆಹಣ್ಣು ಮೆತ್ತಿದ ಕೈಯಲ್ಲೇ ಓಡಿ ಬಂದರು. ಲಾರಿಯ ಬಾಗಿಲಿಗೆ ದಬದಬ ಬಡಿದು, "ಏನ್ಲಾ, ಕಿವಿ ಕೇಳಿಸಲ್ವೇನ್ಲಾ?" ಎಂದು ಕೂಗಿದರು. ಒಳಗೆ ಯಾರೂ ಇರಲಿಲ್ಲ, ಡ್ರೈವರ್ ಊಟಕ್ಕೆ ಹೋಗಿದ್ದ. "ಇಳಿಯೇ ತಾಯಿ, ನಡಿ, ನಾನಿದ್ದೀನಿ" ಎಂದು ನನ್ನನ್ನು ಇಳಿಸಿದರು. ಒಂದು ಕಡೆ ಅವರು, ಇನ್ನೊಂದು ಕಡೆ ನಮ್ಮತ್ತೆ. ಲಾರಿ ಲಾರಿಯ ಸಂದಿಯಲ್ಲಿ ಆ ಹೊಟ್ಟೆ ಹೊತ್ತು ಅಡ್ಡಡ್ಡ ನುಸುಳಿದ್ದನ್ನು ನೆನೆದರೆ ಈಗಲೂ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಹೆರಿಗೆ ಕೋಣೆಯವರೆಗೆ ಹೋಗಲಾಗಲಿಲ್ಲ, ಮಗಳು ಆಸ್ಪತ್ರೆಯ ವರಾಂಡದಲ್ಲೇ ಹುಟ್ಟಿದಳು. ಇಬ್ಬರೂ ಉಳಿದೆವು. ಸೀರೆಗೆ ಅಂಟಿದ ಹುಣಸೆಹಣ್ಣಿನ ಕಲೆ ಎಷ್ಟು ಒಗೆದರೂ ಹೋಗಲಿಲ್ಲ.

ಅವರು ಮೆಂಬರ್ ಆದದ್ದು ಅದಾದ ಕೆಲವು ವರ್ಷಕ್ಕೆ. ಹೆಂಗಸರಿಗೆಂದು ಒಂದು ಸೀಟು ಇಟ್ಟಿದ್ದರು. ಮಂಡಿಯವರೆಲ್ಲ ಸೇರಿ, ನಮ್ಮವರ ಮನೆಯ ಹೆಂಗಸಾದರೆ ಹೇಳಿದ ಕಡೆ ರುಜು ಹಾಕುತ್ತಾಳೆ ಎಂದು ಲೆಕ್ಕ ಹಾಕಿ ಇವರನ್ನು ನಿಲ್ಲಿಸಿದರು. ಅಯ್ಯೋ ಪಾಪ! ಮೊದಲನೇ ಮೀಟಿಂಗ್ ಮುಗಿಸಿ ಬಂದ ಸಂಜೆ ನಾನು ಓಡಿ ಹೋಗಿ ಕೇಳಿದೆ.

"ಏನಾಯ್ತಮ್ಮ ಮೀಟಿಂಗಲ್ಲಿ?"

"ಬೋಂಡಾ ಆಯ್ತು ಕಣೇ."

"ಬೋಂಡಾನಾ?"

"ಇನ್ನೇನು? ಬೀದಿ ದೀಪದ ಬಲ್ಬು, ಹಂದಿ ಕಾಟ, ಚರಂಡಿ ಹೂಳು, ಎಲ್ಲಾ ಓದಿದ್ರು. ಎಲ್ಲದಕ್ಕೂ ನೋಡೋಣ ನೋಡೋಣ ಅಂದ್ರು. ಅಷ್ಟರಲ್ಲಿ ಹೋಟ್ಲಿಂದ ಬೋಂಡಾ ಕಾಫಿ ಬಂತು. ಎಲ್ರೂ ತಿಂದು ಎದ್ರು. ಚೂಸ್ತಾಮು ಅಂಟೇ ಚೆಯ್ಯಮು ಅನಿ."

ನೋಡೋಣ ಅಂದರೆ ಮಾಡಲ್ಲ ಅಂತಲೇ ಅರ್ಥ. ಇದು ಅವರ ಖಾಯಂ ಮಾತಾಯಿತು. ನಮ್ಮ ಕಡೆ ಸಿಟ್ಟು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ.

ಬೀದಿಯ ಸಣ್ಣಪುಟ್ಟ ಕೆಲಸವನ್ನು ಅವರು ಮೀಟಿಂಗಿಗೆ ಬಿಡಲೇ ಇಲ್ಲ. ನಲ್ಲಿಯಲ್ಲಿ ನೀರು ಬರದಿದ್ದರೆ ನೀರು ಬಿಡುವವನ ಮನೆಗೇ ಹೋಗಿ ಅವನ ಹೆಂಡತಿಯ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಾರನೇ ದಿನ ನೀರು ಬರುತ್ತಿತ್ತು. ಚರಂಡಿ ಕಟ್ಟಿಕೊಂಡರೆ ಚೀಫ್ ಆಫೀಸರನ್ನು "ಒಂದ್ನಿಮಿಷ ಬಂದು ಹೋಗಪ್ಪ" ಎಂದು ಕರೆತಂದು, ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಕಾಫಿ ಕೊಡುತ್ತಿದ್ದರು. ಆತ ಮೂಗು ಮುಚ್ಚಿಕೊಂಡು ಕಾಫಿ ಕುಡಿಯುವುದು ಹೇಗೆ? ಲಾರಿ ವಿಷಯ ಮಾತ್ರ ಹಾಗೆ ಬಗ್ಗುವಂಥದ್ದಲ್ಲ. ಅದಕ್ಕೆ ಠರಾವು ಆಗಬೇಕಿತ್ತು, ಠರಾವಿಗೆ ಮಂಡಿಯವರೇ ಕೈ ಎತ್ತಬೇಕಿತ್ತು.

ಆ ವರ್ಷದ ಮಳೆಗಾಲದ ಕೊನೆಯಲ್ಲಿ ತಾಯಲೂರು ಕಡೆಯ ಒಬ್ಬ ಹೆಣ್ಣುಮಗಳನ್ನು ಎತ್ತಿನ ಗಾಡಿಯಲ್ಲಿ ಹೆರಿಗೆಗೆ ಕರೆತಂದರು. ಕಡಲೆಕಾಯಿ ಸುಗ್ಗಿಯ ಲಾರಿಗಳು ಹಲ್ಲು ಕಚ್ಚಿದ ಹಾಗೆ ನಿಂತಿದ್ದವು. ಗಾಡಿ ಬೀದಿಯ ಬಾಯಲ್ಲೇ ನಿಂತಿತು. ಮೆಂಬರಮ್ಮ, ನಾನು, ಇನ್ನೂ ನಾಲ್ಕು ಜನ ಸೇರಿ ಕಂಬಳಿಯಲ್ಲಿ ಹೊತ್ತು ತಂದೆವು. ಸಂದಿಯಲ್ಲಿ ಎರಡು ಸಲ ಇಳಿಸಬೇಕಾಯಿತು. ತಾಯಿ ಬದುಕಿದಳು. ಮಗು ಬದುಕಲಿಲ್ಲ. ಇನ್ನೊಂದು ಸ್ವಲ್ಪ ಮುಂಚೆ ತಂದಿದ್ದರೆ ಎಂದು ಹೆರಿಗೆ ಮಾಡಿಸಿದ ದಾಯಮ್ಮ ಹೇಳಿದ್ದನ್ನು ಅವಳ ಗಂಡ ಗೋಡೆಗೆ ಒರಗಿಕೊಂಡು ಕೇಳಿಸಿಕೊಂಡ. ಅವನ ಮುಖ ನೋಡಲಾರದೆ ನಾನು ಗೋಳೋ ಎಂದು ಅತ್ತೆ. ಮೆಂಬರಮ್ಮ ಅಳಲಿಲ್ಲ. ಸೀದಾ ಹೋಗಿ ಮುನ್ಸಿಪಾಲ್ಟಿ ಅಧ್ಯಕ್ಷರ ಮನೆ ಬಾಗಿಲು ತಟ್ಟಿ, ಆಸ್ಪತ್ರೆ ಬೀದಿಯಲ್ಲಿ ಲಾರಿ ನಿಲ್ಲಬಾರದು, ಸಂತೆ ಮೈದಾನದಲ್ಲಿ ನಿಲ್ಲಲಿ, ಇದನ್ನು ಮೀಟಿಂಗಿಗೆ ಹಾಕಿ ಎಂದು ಹೇಳಿ ಬಂದರು.

ಹಾಕಿದರು, ಎಲ್ಲಕ್ಕಿಂತ ಕೊನೆಯ ವಿಷಯವಾಗಿ. ಅದರ ಸರದಿ ಬರುವ ಹೊತ್ತಿಗೆ ಸರಿಯಾಗಿ ಬೋಂಡಾ ಬರುತ್ತಿತ್ತು. "ಅಕ್ಕಾವ್ರೇ, ಇದು ದೊಡ್ಡ ವಿಷಯ, ಮುಂದಿನ ಮೀಟಿಂಗಲ್ಲಿ ನೋಡೋಣ" ಎಂದು ಅಧ್ಯಕ್ಷರು ತಟ್ಟೆಗೆ ಕೈ ಹಾಕುತ್ತಿದ್ದರು. ಮುಂದಿನ ಮೀಟಿಂಗಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಮನೆಯಲ್ಲಿ ಯಜಮಾನರದು ಬೇರೆ ರಾಗ. ಲಾರಿ ಸಂತೆ ಮೈದಾನಕ್ಕೆ ಹೋದರೆ ಮೂಟೆಗಳನ್ನು ಗಾಡಿಯಲ್ಲಿ ಅಲ್ಲಿಗೆ ಸಾಗಿಸಬೇಕು, ಹಮಾಲಿಗಳಿಗೆ ಹೆಚ್ಚು ಕೊಡಬೇಕು. ಅವರ ಕೂಗು ನಮ್ಮ ಮನೆಗೆ ಕೇಳುತ್ತಿತ್ತು.

"ಉಂಡ ಮನೆಗೆ ಎರಡು ಬಗೀತೀಯಾ? ನಿನ್ನ ಮೆಂಬರ್ ಮಾಡಿದ್ದು ನಾನು!"

"ಮಾಡಿದ್ರಿ. ಈಗ ಆಗಿದ್ದೀನಲ್ಲ, ಸುಮ್ಮನಿರಿ."

ನಾಲ್ಕನೇ ಮೀಟಿಂಗಿನ ದಿನ ಬೆಳಗ್ಗೆ ಅವರು ಹೋಟೆಲಿಗೆ ಹೋದರು. ಹೋಟೆಲಿನವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು, ತುಂಬು ಬಸುರಿ. ಆತನಿಗೆ ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ. "ನಾನು ಹೇಳಿ ಕಳಿಸೋವರೆಗೂ ಮುನ್ಸಿಪಾಲ್ಟಿಗೆ ಬೋಂಡಾ ಬಾಣಲೆಗೆ ಬೀಳಕೂಡದು" ಎಂದರು. ಆತ "ಒಲೆ ಹಚ್ಚೋದೇ ಇಲ್ಲ ಬಿಡಿ ಅಮ್ಮ" ಎಂದನಂತೆ. ಆಮೇಲೆ ಬೀದಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಮುನ್ಸಿಪಾಲ್ಟಿಯ ವರಾಂಡದಲ್ಲಿ, ಬಾಗಿಲಿಗೆ ಅಡ್ಡಲಾಗಿ ಕೂರಿಸಿದರು. ಎದ್ದು ಹೋಗುವ ಮೆಂಬರು ನಮ್ಮನ್ನು ದಾಟಿಯೇ ಹೋಗಬೇಕು. ಹೆಂಗಸರನ್ನು ದಾಟಿ ಹೋಗುವ ಗಂಡಸು ನಮ್ಮೂರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ನಾನು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಿಟಕಿಯ ಪಕ್ಕ ಕೂತೆ.

ಬಲ್ಬು ಮುಗಿಯಿತು, ಹಂದಿ ಮುಗಿಯಿತು, ಅಂಗಡಿ ಬಾಡಿಗೆ ಮುಗಿಯಿತು. ಲಾರಿ ವಿಷಯ ಬಂತು. ಎಲ್ಲರ ಕಣ್ಣೂ ಬಾಗಿಲ ಕಡೆ. ಬೋಂಡಾ ಇಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಏನು, ಹೋಟ್ಲಿನೋನು ಇನ್ನೂ ಕಳಿಸಿಲ್ವಾ?" ಎಂದರು.

"ಕಳಿಸ್ತಾನೆ. ಮೊದಲು ಇದು ಮುಗೀಲಿ" ಎಂದರು ಮೆಂಬರಮ್ಮ. ಹೊಳ್ಳೆ ಅರಳಿತ್ತು.

ಒಬ್ಬರು ನಕ್ಕರು. ಇನ್ನೊಬ್ಬರು ಎದ್ದು ಬಾಗಿಲವರೆಗೆ ಬಂದು, ನಮ್ಮನ್ನು ನೋಡಿ, ಹೋಗಿ ಮತ್ತೆ ಕೂತರು. ಹೊಟ್ಟೆ ಹಸಿದ ಗಂಡಸರ ಚರ್ಚೆ ಹೇಗಿರುತ್ತದೆ ಎಂದು ಆವತ್ತು ನೋಡಬೇಕಿತ್ತು! ಪೊಲೀಸರಿಗೆ ಬರೆಯೋಣ ಎಂದರು, ಕೋಲಾರದ ಡಿ.ಸಿ.ಗೆ ಬರೆಯೋಣ ಎಂದರು, ಕಮಿಟಿ ಮಾಡೋಣ ಎಂದರು. ಎಲ್ಲದಕ್ಕೂ ಮೆಂಬರಮ್ಮನದು ಒಂದೇ ಉತ್ತರ, "ಆಗಲ್ಲ. ಕೈ ಎತ್ತಿ." ಕೊನೆಗೆ ಕಡಲೆಕಾಯಿ ಮಂಡಿಯ ಮೆಂಬರು ಮೇಜು ಕುಟ್ಟಿದರು.

"ಮೊದಲು ನಿಮ್ಮನೆ ಮಂಡಿ ಲಾರಿ ತೆಗೆಸಿ ಅಕ್ಕಾವ್ರೇ. ಆಮೇಲೆ ಊರಿಗೆ ಬುದ್ಧಿ ಹೇಳೋರಂತೆ."

"ನಾಳೆ ಬೆಳಿಗ್ಗೆ ಸಂತೆ ಮೈದಾನಕ್ಕೆ ಹೋಗೋ ಮೊದಲ ಲಾರಿ ನಮ್ದೇ" ಎಂದರು ಮೆಂಬರಮ್ಮ. "ಹೋಗದಿದ್ರೆ ನಾನೇ ರಾಜೀನಾಮೆ ಕೊಡ್ತೀನಿ. ಆ ತಾಯಲೂರು ಹುಡುಗಿ ಮಗೂನ ನಾನು ಈ ಕೈಯಲ್ಲಿ ಎತ್ಕೊಂಡಿದ್ದೆ ಕಣಪ್ಪ. ಇನ್ನೂ ಬೆಚ್ಚಗಿತ್ತು. ನಿಮ್ಮನೆ ಸೊಸೆಗೂ ಈಗ ಏಳು ತಿಂಗಳು, ಅಲ್ವಾ? ಅವಳನ್ನ ಯಾವ ದಾರೀಲಿ ಕರ್ಕೊಂಡು ಹೋಗ್ತೀರ, ಅದನ್ನ ಹೇಳಿಬಿಡಿ, ನಾನು ಸುಮ್ಮನಾಗ್ತೀನಿ."

ಆತ ತಲೆ ತಗ್ಗಿಸಿಕೊಂಡು ಕೈ ಎತ್ತಿದರು. ಆಮೇಲೆ ಒಂದೊಂದಾಗಿ ಉಳಿದ ಕೈಗಳೂ ಮೇಲೆ ಹೋದವು. ಮೆಂಬರಮ್ಮ ಕಿಟಕಿಯ ಕಡೆ ತಿರುಗಿ, "ಸೀನಿವಾಸ್‌ಪುರದೋಳೇ, ಒಲೆ ಹಚ್ಚೋಕೆ ಹೇಳಿ ಬಾ" ಎಂದರು. ನಾನು ಮಗಳನ್ನು ಪಕ್ಕದವರ ಹತ್ತಿರ ಬಿಟ್ಟು ಸೆರಗು ಸಿಕ್ಕಿಸಿಕೊಂಡು ಹೋಟೆಲಿಗೆ ಓಡಿದೆ.

ಠರಾವು ಆದ ಮಾತ್ರಕ್ಕೆ ಲಾರಿ ಕಾಲು ಕೀಳುವುದಿಲ್ಲ. ಮಾರನೇ ಬೆಳಗ್ಗೆ ಮೆಂಬರಮ್ಮ ತಮ್ಮ ಮಂಡಿಯ ಮುಂದಿದ್ದ ಲಾರಿಯ ಡ್ರೈವರನ್ನು ಎಬ್ಬಿಸಿ, ಪಕ್ಕದಲ್ಲಿ ತಾವೇ ಹತ್ತಿ ಕೂತು ಸಂತೆ ಮೈದಾನಕ್ಕೆ ಹೋಗಿ ಬಂದರು. ಯಜಮಾನರು ಮಂಡಿಯ ಬಾಗಿಲಲ್ಲಿ ನಿಂತು ನೋಡಿದರು. ಆವತ್ತಿನಿಂದ ಮಾತು ಬಿಟ್ಟರು. ಊಟ ಮಾತ್ರ ಬಿಡಲಿಲ್ಲ, ಅನ್ನಿ! ಸಾರು ಬೇಕಿದ್ದರೆ ತಟ್ಟೆ ಕುಟ್ಟುತ್ತಿದ್ದರಂತೆ. ನಗುತ್ತಲೇ ಹೇಳುತ್ತಿದ್ದರು ಮೆಂಬರಮ್ಮ, ಆದರೆ ಒಂದು ದಿನ ಹುಣಸೆಹಣ್ಣು ಬಿಡಿಸುತ್ತಾ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಒಂದು ವರ್ಷದ ಮೇಲೆ ಅವರಿಬ್ಬರೂ ಮತ್ತೆ ಮಾತಾಡಿದರು. ಲಾರಿ ವಿಷಯವೊಂದನ್ನು ಬಿಟ್ಟು.

ಮುಂದಿನ ಎಲೆಕ್ಷನ್ನಿನಲ್ಲಿ ಮಂಡಿಯವರು ಬೇರೆಯವರನ್ನು ನಿಲ್ಲಿಸಿದರು. ಮೆಂಬರಮ್ಮ ಸ್ವತಂತ್ರವಾಗಿ ನಿಂತು ಸೋತರು. ನಾನು ಹೋಗಿ ಅಳುವುದಕ್ಕೆ ಶುರು ಮಾಡಿದರೆ, "ಏಯ್, ಎದ್ದೇಳೇ. ಸೋತೋಳು ನಾನು, ಅಳೋಳು ನೀನಾ?" ಎಂದು ಗದರಿ ಕೈಗೆ ಒಂದು ಮುಷ್ಟಿ ಹುಣಸೆಹಣ್ಣು ಕೊಟ್ಟರು. ಸೋತ ಮೇಲೂ ದಿನಾ ಬೆಳಗ್ಗೆ ಜಗಲಿಯ ಮೇಲೆ ಕೂರುವುದು ತಪ್ಪಿಸಲಿಲ್ಲ. ಬೀದಿಗೆ ಲಾರಿ ಮೂತಿ ಹಾಕಿದರೆ ಎದ್ದು ನಿಲ್ಲುತ್ತಿದ್ದರು, ಅಷ್ಟೇ. ಅವರಿಗೆ ಪದವಿ ಹೋದದ್ದು ಡ್ರೈವರುಗಳಿಗೆ ಯಾರೂ ಹೇಳಿರಲಿಲ್ಲ. ನನ್ನ ಎರಡನೆಯ ಹೆರಿಗೆಗೆ ಜಟಕಾ ಆಸ್ಪತ್ರೆಯ ಬಾಗಿಲಿಗೇ ಹೋಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು. ಮಾಮೂಲಿ ಜ್ವರ ಎಂದುಕೊಂಡೆವು. ಎದೆಗೆ ಇಳಿಯಿತು, ಕೋಲಾರಕ್ಕೆ ಕರೆದುಕೊಂಡು ಹೋದರು, ಹೆಣವಾಗಿ ಬಂದರು. ನನ್ನ ತಾಯಿ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ, ದೇವರಾಣೆಗೂ.

ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಒಂದು ಟೊಮೇಟೊ ಲಾರಿ ಬೀದಿಗೆ ನುಗ್ಗಿ ಆಸ್ಪತ್ರೆಯ ದಾರಿಗೆ ಅಡ್ಡಲಾಗಿ ನಿಂತಿತು. ಜಗಲಿ ಖಾಲಿ. ಮನೆ ಮನೆಯ ಬಾಗಿಲಲ್ಲೂ ಜನ ನಿಂತು ನೋಡಿದರು, ಒಬ್ಬರೂ ಇಳಿಯಲಿಲ್ಲ. ನಾನೂ ನಿಂತಿದ್ದೆ. ನನ್ನ ನಾಲಿಗೆ ಉದ್ದ, ನಿಜ, ಆದರೆ ಅದು ಹೊಸ್ತಿಲೊಳಗೆ ಮಾತ್ರ. ಪರ ಗಂಡಸನ್ನು ಬೀದಿಯಲ್ಲಿ ನಿಂತು ಮಾತಾಡಿಸಿದವಳಲ್ಲ. ಹೇಗೆ ಇಳಿದೆನೋ ಗೊತ್ತಿಲ್ಲ, ನೋಡುವಷ್ಟರಲ್ಲಿ ಲಾರಿಯ ಮುಂದಿದ್ದೆ.

"ಲಾರಿ ತೆಗೀಪ್ಪ. ಇಲ್ಲಿ ನಿಲ್ಲಿಸೋ ಹಾಗಿಲ್ಲ."

"ಅರ್ಧ ಗಂಟೆ ಅಷ್ಟೇ ಅಮ್ಮಾ. ಟೀ ತಾಗಿ ಒಚ್ಚೇಸ್ತಾನು, ಕುಡಿದು ಬಂದ್ಬಿಡ್ತೀನಿ."

"ಟೀ ಸಂತೆ ಮೈದಾನದಲ್ಲೂ ಸಿಗುತ್ತೆ. ತೆಗಿ."

ಅವನು ಕೆಳಗೆ ಬಗ್ಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಹೇಳೋಕೆ ನೀವ್ಯಾರಮ್ಮ? ಮೆಂಬರಾ?"

ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಚಪ್ಪಲಿ ಸದ್ದು ಕೇಳಿಸಿತು. ಮಂಡಿಯ ಯಜಮಾನರು ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತರು. ತಲೆ ಬೋಳಿಸಿದ್ದು ಇನ್ನೂ ಬೆಳೆದಿರಲಿಲ್ಲ. ಊರೆಲ್ಲ ಕರೆಯುತ್ತಿದ್ದ ಆ ಹೆಸರಿನಿಂದ ಹೆಂಡತಿಯನ್ನು ಅವರು ಒಂದೇ ಒಂದು ದಿನವೂ ಕರೆದವರಲ್ಲ.

"ಕೇಳಿಸಲಿಲ್ವೇನಯ್ಯಾ?" ಎಂದರು ಡ್ರೈವರಿಗೆ. "ಮೆಂಬರಮ್ಮ ಹೇಳ್ತಿದ್ದಾರೆ. ಲಾರಿ ತೆಗಿ."