ಏಪ್ರನ್ನಿನ ಜೇಬಿನ ಹಿಟ್ಟು

ಗಲ್ಫಿನ ಡಿಸ್ಕವರಿ ಗಾರ್ಡನ್ಸ್‌ನಲ್ಲಿರುವ ಮಗನ ಮನೆಯಲ್ಲಿ ಈಗ ನನಗೆ ಒಂದೇ ಕೆಲಸ: ಶುಕ್ರವಾರ ಸಂಜೆ ದೋಸೆ ಹಿಟ್ಟಿಗೆ ಉಪ್ಪು ಹಾಕಿ ಕಲಸುವುದು. ಮೊನ್ನೆ ಸೊಸೆ ಪಾತ್ರೆಯ ಪಕ್ಕ ಗ್ಲೌಸಿನ ಡಬ್ಬಿ ಇಟ್ಟು, "ಮಾವ, ಇದು ಹಾಕಿಕೊಳ್ಳಿ" ಎಂದಳು. ಆ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇದೇ ನಗರದ ಕರಾಮದಲ್ಲಿ ಹಿಂದೆ ದುಡಿದ ಹಳೆಯ ಹೋಟೆಲಿನ ಅಡುಗೆಕೋಣೆಗೆ ಹೋಗಿಬಿಟ್ಟೆ.

ಅಲ್ಲಿ ಮುಖ್ಯ ಅಡುಗೆಯವರು ಶೀನಣ್ಣ. ನಾನು ಅವರ ಕೈಕೆಳಗೆ. ಬರಿಗೈಯಲ್ಲಿ ಆಹಾರ ಮುಟ್ಟಬಾರದೆಂದು ಗೋಡೆಯ ಮೇಲೆ ಮುನ್ಸಿಪಾಲಿಟಿಯ ನಿಯಮ ಅಂಟಿಸಿದ್ದರು. ಹೈಸ್ಕೂಲು ಓದಿದವನು ನಾನೊಬ್ಬನೇ ಆದ್ದರಿಂದ ಓದಿ ಹೇಳುವುದು ನನ್ನ ಕೆಲಸ, ಪಾಲಿಸುವುದು ಉಳಿದವರದು ಎಂದುಕೊಂಡಿದ್ದೆ. ನಗಬೇಡಿ, ಇದು ನಮ್ಮ ಮನೆತನದ ಗುಣ. ಅಜ್ಜನ ಕಾಲದಲ್ಲೂ ನಮ್ಮೂರ ಪುರಸಭೆ ತಿಂಡಿ ಮುಚ್ಚಿಡಬೇಕೆಂದು ಕಾನೂನು ಮಾಡಿತ್ತಂತೆ. ಸ್ಯಾನಿಟರಿ ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಅಜ್ಜನ ಚಾ ಅಂಗಡಿಯ ಗೋಳಿಬಜೆಗೆ ಮುಚ್ಚಳ ಬೀಳುತ್ತಿತ್ತಂತೆ.

ಕೈಯ ಬಿಸಿ ತಾಗದೆ ಹಿಟ್ಟು ಹುಳಿ ಬರುವುದಿಲ್ಲವೆಂದು ನಾನು ನಂಬಿದ್ದೆ. ಶೀನಣ್ಣ ಬೈಯುತ್ತಿದ್ದರು: "ಗ್ಲೌಸ್ ಹಾಕು ಮಾರಾಯ. ಊರಿನವರೆಲ್ಲ ನಿನ್ನ ಬೆವರು ತಿನ್ನಬೇಕಾ?"

ಒಂದು ಮಧ್ಯಾಹ್ನ ಅವರು ತರಕಾರಿ ಹೆಚ್ಚುತ್ತಿದ್ದಾಗ ನಾನು ಮೊಣಕೈವರೆಗೆ ಹಿಟ್ಟಿಗಿಳಿದಿದ್ದೆ. ಮುನ್ಸಿಪಾಲಿಟಿಯ ಇನ್‌ಸ್ಪೆಕ್ಟರ್ ಬಾಗಿಲಿಗೆ ಬಂದೇಬಿಟ್ಟರು. ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಿದೆ. ಪಾತ್ರೆಯ ಅಂಚಿನಲ್ಲಿ ಬೆರಳಚ್ಚುಗಳಿದ್ದವು.

"ಕಲಸಿದ್ದು ಯಾರು?"

ಮಾಲೀಕರು ಶೀನಣ್ಣನತ್ತ ನೋಡಿದರು. ಶೀನಣ್ಣ ನನ್ನತ್ತ ನೋಡಿದರು. ಆ ತಿಂಗಳು ನನ್ನ ಮದುವೆ ನಿಶ್ಚಯವಾಗಿತ್ತು.

"ನಾನೇ," ಎಂದರು ಅವರು.

ನಾನು ಬಾಯಿ ತೆರೆಯಲಿಲ್ಲ. ದಂಡ ಬಿತ್ತು. ಮಾಲೀಕರು "ಖಲಾಸ್" ಎಂದರು. ವಾರದೊಳಗೆ ಶೀನಣ್ಣನ ವೀಸಾ ರದ್ದಾಗಿ ಅವರು ತಮ್ಮೂರು ಕಾಪುವಿಗೆ ಹೊರಟರು. ಅವರ ಜಾಗಕ್ಕೆ ನಾನು ಬಂದೆ. ಅದೇ ಸಂಬಳದಲ್ಲಿ ಮದುವೆಯಾದೆ, ಮಗನನ್ನು ಓದಿಸಿದೆ. ಅವರಿಗೆ ಒಂದು ಫೋನು ಮಾಡಲು ಮಾತ್ರ ಇಷ್ಟು ವರ್ಷ ಧೈರ್ಯ ಬರಲಿಲ್ಲ.

ಮೊನ್ನೆ ಗ್ಲೌಸಿನ ಡಬ್ಬಿಯನ್ನು ಬದಿಗಿಟ್ಟು, ಊರಿನವರಿಂದ ನಂಬರು ಕೇಳಿ ಪಡೆದು, ಫೋನು ಮಾಡಿದೆ. ಸ್ವರ ಸಣ್ಣದಾಗಿತ್ತು, ಆದರೆ ಅವರೇ.

"ಶೀನಣ್ಣ, ಆ ದಿನ ನಾನು ಹೇಳಬೇಕಿತ್ತು. ತಪ್ಪಾಯಿತು."

"ಹೇಳಬೇಕಿತ್ತು, ಹೌದು," ಎಂದರು. "ನಾನು ತುಂಬಾ ದಿನ ಕಾದೆ." ಆಮೇಲೆ ಕೆಮ್ಮಿದರು, ನಕ್ಕರೋ ಏನೋ. "ಮರುದಿನ ನಿನ್ನ ಏಪ್ರನ್ ಒಗೆದದ್ದು ನಾನು, ಗೊತ್ತುಂಟಾ? ಜೇಬಿನಲ್ಲಿದ್ದ ಹಿಟ್ಟು ಉಬ್ಬಿ ಬಂದಿತ್ತು. ಕೈಗುಣ ಒಳ್ಳೆಯದೇ ಮಾರಾಯ ನಿನ್ನದು."

ಫೋನಿಟ್ಟು, ಗ್ಲೌಸ್ ಹಾಕಿಕೊಂಡೇ ಹಿಟ್ಟು ಕಲಸಿದೆ. ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ, ಪಾತ್ರೆ ತುಂಬ ಉಬ್ಬಿ ನಿಂತಿತ್ತು.