ಗೋಡೆಯಿಂದ ನಾಲ್ಕು ಬೆರಳು ದೂರ

ಕೂಡ್ಲಿಗಿಯಿಂದ ಹಡಗಲಿಯವರೆಗೆ, ಕೊಟ್ಟೂರು ಹರಪನಹಳ್ಳಿ ಎಲ್ಲ ಸೇರಿಸಿ, ಕಿರುಗುಟ್ಟುವ ಯಾವ ವಸ್ತುವನ್ನಾದರೂ ಒಂದೇ ಗಳಿಗೆಯಲ್ಲಿ ಸುಮ್ಮನಾಗಿಸುವ ಗಂಡಸು ನಾನೊಬ್ಬನೇ. ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಕೈ ಇದು. ನಮ್ಮೂರ ಚರ್ಚಿನ ಗೋಪುರದಲ್ಲಿ ಗಂಟೆಯನ್ನು ಹೊತ್ತು ನಿಂತ ಮರದ ಚೌಕಟ್ಟು ಮೂವತ್ತು ವರ್ಷ ಕಿರ್ರೆನ್ನುತ್ತಿತ್ತು. ಅದರ ಬಾಯಿ ಮುಚ್ಚಿಸಿದವನೂ ನಾನೇ. ಅದನ್ನು ಕಟ್ಟಿದವನು ಮಾತ್ರ ಬೊಮ್ಮಪ್ಪ. ಅವನ ಬಗ್ಗೆಯೂ ನಾಲ್ಕು ಮಾತು ಹೇಳದಿದ್ದರೆ ತಪ್ಪಾಗುತ್ತದೆ.

ಬೊಮ್ಮಪ್ಪ ಎತ್ತಿನ ಬಂಡಿ ಮಾಡುವ ಬಡಿಗ, ನನ್ನ ಓರಗೆಯವನು. ಅವನ ಬಂಡಿ ಎಷ್ಟು ಹಗುರವಾಗಿ ಓಡುತ್ತಿತ್ತೆಂದರೆ, ಸಂತೆ ಮುಗಿಸಿ ಬರುವಾಗ ಎತ್ತುಗಳು ಹಿಂದೆ ಹತ್ತಿ ಮಲಗುತ್ತಿದ್ದವು, ಬಂಡಿಯೇ ಅವುಗಳನ್ನು ಮನೆ ಮುಟ್ಟಿಸುತ್ತಿತ್ತು. ಆಮೇಲೆ ಟ್ರ್ಯಾಕ್ಟರ್ ಬಂತು. ಬೊಮ್ಮಪ್ಪನ ಬಂಡಿಗಳು ಒಂದೊಂದಾಗಿ ಒಲೆ ಸೇರಿದವು. ಉಳಿದ ಎರಡು, ಬಣ್ಣ ಬಳಿಸಿಕೊಂಡು ಹೂಕುಂಡ ಹೊತ್ತು, ಹೆದ್ದಾರಿಯ ಢಾಬಾವೊಂದರ ಮುಂದೆ ನಿಂತಿವೆ. ಬಸ್ಸು ಆ ಢಾಬಾ ದಾಟುವಾಗ ಅವನು ಇನ್ನೊಂದು ಕಡೆಯ ಕಿಟಕಿ ನೋಡುತ್ತಾನೆ. ಅವನು ಮಾಡಿದ್ದರಲ್ಲಿ ಇನ್ನೂ ದುಡಿಯುತ್ತಿರುವುದು ಆ ಚೌಕಟ್ಟು ಒಂದೇ.

ಮೂವತ್ತೆರಡು ವರ್ಷದ ಹಿಂದೆ ಗೋಪುರ ಎದ್ದಾಗ, ಗಂಟೆ ಲಾರಿಯಲ್ಲಿ ಬಂತು. ಎರಡು ಕ್ವಿಂಟಲ್ ಭಾರ. ಅದನ್ನು ಇಳಿಸಿದ ದಿನ ಊರು ಒಂದು ಗೇಣು ಕೆಳಗೆ ಕುಸಿಯಿತು, ಅಳತೆ ಬೇಕಾದವರು ಬಾವಿಯ ಮೆಟ್ಟಿಲು ಎಣಿಸಬಹುದು. ಅದನ್ನು ತೂಗುಹಾಕುವ ಚೌಕಟ್ಟು ಹೇಗಿರಬೇಕೆಂದು ಸುತ್ತಲ ಬಡಿಗರಲ್ಲಿ ಒಬ್ಬನಿಗೂ ತಿಳಿಯದು. ಆಗಿನ ಫಾದರ್ ಬೊಮ್ಮಪ್ಪನನ್ನು ಕರೆಸಿದರು. ಅವನು ಗಂಟೆಯನ್ನು ಮೂರು ಸುತ್ತು ಹಾಕಿ, ಹಗ್ಗಕ್ಕೆ ಕಟ್ಟಿಸಿ, ತೂಗಿಸಿ, ಅದು ಯಾವ ಕಡೆಗೆ ಎಳೆಯುತ್ತದೆಂದು ನೋಡಿ ಹೇಳಿದ:

“ಇದೂ ಬಂಡಿನ ರೀ ಫಾದರ್. ಎತ್ತಿಲ್ಲ, ದಾರಿ ಇಲ್ಲ, ಅಷ್ಟ.”

ಬಂಡಿಗೆಂದು ಒಣಗಿಸಿಟ್ಟಿದ್ದ ಜಾಲಿ ಮರದಲ್ಲಿ ನಾಲ್ಕು ಕಾಲು, ಅಡ್ಡಪಟ್ಟಿ, ಮೇಲೆ ನೊಗದಂಥ ದಿಂಡು ಮಾಡಿದ. ಗಂಟೆ ತಿರುಗಲು ಬಂಡಿಯ ಕಬ್ಬಿಣದ ಅಚ್ಚನ್ನೇ ಹಾಕಿದ. ಒಂದು ಮೊಳೆಯೂ ಇಲ್ಲ, ಎಲ್ಲ ತೂತು ಮತ್ತು ಗೂಟ. ಮೊದಲು ತನ್ನ ಅಂಗಳದಲ್ಲಿ ಜೋಡಿಸಿ, ಪ್ರತಿ ಸಂದಿಗೂ ಉಳಿಯಿಂದ ಒಂದು ಗೀರು, ಎರಡು ಗೀರು ಎಂದು ಗುರುತು ಮಾಡಿ, ಬಿಚ್ಚಿ, ಗೋಪುರಕ್ಕೆ ಏರಿಸಿ ಮತ್ತೆ ಜೋಡಿಸಿದ. ಕಾಲುಗಳು ನಿಂತದ್ದು ಕೆಳಗಿನ ಎರಡು ತೊಲೆಗಳ ಮೇಲೆ. ಸುತ್ತಲೂ ಗೋಡೆಗೆ ನಾಲ್ಕು ಬೆರಳು ಜಾಗ ಬಿಟ್ಟ. ಅದೇಕೆಂದು ಫಾದರ್ ಕೇಳಿದ್ದಕ್ಕೆ, ಬಂಡಿ ಓಡುವಾಗ ಮೈ ಅಲ್ಲಾಡಿಸುತ್ತದೆ, ಅಲ್ಲಾಡಲು ಜಾಗ ಕೊಡಬೇಕು ಎಂದನಂತೆ.

ಅಲ್ಲಾಡಿದ್ದಕ್ಕೆ ಕಿರ್ರೆನ್ನುವುದೂ ಬಂತು. ಗಂಟೆ ಒಮ್ಮೆ ಢಣ್ ಎಂದರೆ ಚೌಕಟ್ಟು ಎರಡು ಸಲ ಕಿರ್. ಹೋದ ವರ್ಷ ಚರ್ಚಿನ ಸಮಿತಿಯವರು ಬೇಸತ್ತು ನನ್ನ ಹತ್ತಿರ ಬಂದರು. ಬೊಮ್ಮಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹಿರೇಹಡಗಲಿಯಲ್ಲಿ ಮಗಳು ಮಾಲಾಳ ಮನೆಯಲ್ಲಿದ್ದ. ಗಿರಣಿಯ ಪಾಠ ಒಂದೇ: ಅಲ್ಲಾಡುವುದನ್ನು ಬಿಗಿ ಮಾಡು. ಚೌಕಟ್ಟಿಗೂ ಗೋಡೆಗೂ ನಡುವೆ ಗಿರಣಿಯಿಂದ ತಂದ ಎಂಟು ಮರದ ಬೆಣೆ ಬಡಿದೆ. ಸದ್ದು ನಿಂತಿತು. ಎಷ್ಟು ನಿಂತಿತೆಂದರೆ, ಪ್ರಾರ್ಥನೆಯ ಹೊತ್ತಿಗೆ ಇರುವೆಗಳ ಹೆಜ್ಜೆ ಸಪ್ಪಳ ಕೇಳಿ ಜನ ಹಿಂದೆ ತಿರುಗಿ ನೋಡುತ್ತಿದ್ದರು. ನನ್ನ ಈ ಸಾಧನೆಯನ್ನು ಊರವರಿಗೆ ದಿನಕ್ಕೆ ಎರಡು ಬಾರಿ ಮಾತ್ರ ನೆನಪಿಸುತ್ತಿದ್ದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಗೋಪುರದ ಗೋಡೆ ಬಿರುಕುಬಿಟ್ಟಿತು. ಕಸ ಗುಡಿಸಿ ಗಂಟೆ ಎಳೆಯುವ ಗೀತಮ್ಮನ ತಲೆಯ ಮೇಲೆ ಗಾರೆ ಉದುರತೊಡಗಿತು. ಹೊಸಪೇಟೆಯಿಂದ ಬಂದ ಇಂಜಿನಿಯರೊಬ್ಬರು ಕೆಳಗೆ ನಿಂತೇ ನೋಡಿ, ಮರ ಮುದಿಯಾಗಿದೆ, ಗಂಟೆ ಇಳಿಸಿ ಮೈಕ್ ಹಾಕಿ, ಚೌಕಟ್ಟನ್ನು ಸೌದೆಗೆ ಕೊಡಿ ಎಂದರು. ನಾನು ಪಕ್ಕದಲ್ಲೇ ಇದ್ದೆ. ಹೌದು, ಮರ ಮುದಿಯಾಗಿದೆ ಎಂದು ತಲೆಯಾಡಿಸಿದೆ. ನನ್ನ ಸಾಧನೆಯನ್ನು ನೆನಪಿಸುವುದನ್ನು ಮಾತ್ರ ವಿನಯದಿಂದ ನಿಲ್ಲಿಸಿದ್ದೆ.

ಭಾನುವಾರ ಇಳಿಸುವುದೆಂದು ನಿಶ್ಚಯವಾಯಿತು, ಸುದ್ದಿ ಹಿರೇಹಡಗಲಿಗೂ ಮುಟ್ಟಿತು. ಶನಿವಾರ ಬೆಳಿಗ್ಗೆಯ ಬಸ್ಸಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬೊಮ್ಮಪ್ಪ ಬಂದಿಳಿದ. ಮನೆಗೂ ಹೋಗಲಿಲ್ಲ, ನೇರ ಚರ್ಚಿಗೆ. ಈಗಿನ ಫಾದರ್ ಮುಂದೆ ನಿಂತು, “ನನ್ನ ಕೆಲಸ ಕೆಟ್ಟಿದ್ರ ನಾನ ಕೊಡ್ಲಿ ಹಾಕ್ತೀನ್ರಿ. ಒಂದ್ಸಲ ಮುಟ್ಟಿ ನೋಡಾಕ ಬಿಡ್ರಿ,” ಎಂದ.

ಒಂದು ಚೊಂಬು ತುಂಬ ನೀರು ಕೇಳಿದ. ನಾನು ಏಣಿ ಹಿಡಿದೆ. ಅವನ ಹಿಂದೆ ಫಾದರ್ ಕೂಡ ಹತ್ತಿದರು. ಚೊಂಬನ್ನು ಗೋಪುರದ ಕಿಟಕಿಯ ಕಟ್ಟೆಯ ಮೇಲಿಟ್ಟು, ಗಂಟೆ ಎಳೆಯಲು ಗೀತಮ್ಮನಿಗೆ ಕೂಗಿ ಹೇಳಿದ. ಹತ್ತು ಸಲ ಎಳೆಯುವಷ್ಟರಲ್ಲಿ ಗೋಡೆ ಅದುರಿ ಅರ್ಧ ಚೊಂಬು ನೀರು ಚೆಲ್ಲಿತೆಂದು ಫಾದರ್ ಮೇಲಿನಿಂದಲೇ ಹೇಳಿದರು. ಆಮೇಲೆ ಸುತ್ತಿಗೆಯ ಏಟು ಕೇಳಿಸಿತು. ಒಂದು, ಎರಡು, ಎಂಟು. ಪ್ರತಿ ಏಟೂ ನನ್ನ ಬೆನ್ನ ಮೇಲೇ ಬಿದ್ದಂತಿತ್ತು. ಮತ್ತೆ ಚೊಂಬು ತುಂಬಿಸಿ ಮತ್ತೆ ಎಳೆಸಿದ. ಢಣ್, ಕಿರ್, ಕಿರ್. ನೀರು ಬರೀ ನಡುಗಿತಂತೆ, ಒಂದು ಹನಿಯೂ ಚೆಲ್ಲಲಿಲ್ಲ.

ಬೊಮ್ಮಪ್ಪ ಟವೆಲ್ಲಿನಲ್ಲಿ ಎಂಟು ಬೆಣೆ ಕಟ್ಟಿಕೊಂಡು ಇಳಿದ. ಫಾದರ್ ಒಂದನ್ನು ಎತ್ತಿ ನೋಡಿದರು. ಅದರ ಸೀಳಿನಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಂಟೆಯ ಕಡೆ ನೋಡಿದೆ.

ಗಂಟೆ ಉಳಿಯಿತು. ಬಿರುಕಿಗೆ ಗಾರೆ ಮೆತ್ತಿಸಿದರು. ಕಿರ್ರೆನ್ನುವುದು ಈಗ ಮೊದಲಿನಂತೆಯೇ ಇದೆ, ದೂರು ಹೇಳುವವರಿಲ್ಲ.

ಅವತ್ತು ಚಾ ಕುಡಿಯುತ್ತಾ ಕೂತಾಗ ನನಗೆ ತಡೆಯಲಾಗಲಿಲ್ಲ. “ಏನರ ಅನ್ನಲೇ ಬೊಮ್ಯಾ, ಒಂದು ಮಳಿಗಾಲ ಪೂರಾ ಅದನ್ನ ಗಪ್ಪಗ ಕುಂದ್ರಿಸಿದ್ದು ನಾನ. ಅಷ್ಟರ ಒಪ್ಕೊ.”

ಅವನು ಟವೆಲ್ಲಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿ ಮಗ್ಗುಲಿಗೆ ಎಳೆದುಕೊಂಡ.

“ಒಪ್ಕೊಂಡೆ ಬಿಡಲೇ ಗಂಗ್ಯಾ. ಅದಕ್ಕ ಎಂಟೂ ಬೆಣಿ ಜ್ವಾಪಾನ ಇಟ್ಕೊಂಡೀನಿ. ಮುಂದಿನ ಸಲ ಈ ಕತಿ ಹೇಳಾಕ ನೀ ಬಾಯಿ ತೆಗದಾಗ ಬೇಕಾಗ್ತಾವು.”