ಗುಳಿಗೆ ಬರೆಯದ ಡಾಕ್ಟರು

ಎಂಬತ್ತರ ದಶಕದ ನಡುವೆ, ಒಂದು ಸೋಮವಾರ ಬೆಳಿಗ್ಗೆ ನನ್ನ ದನಿ ಹೋಯಿತು. ಆಗ ನಾನು ವಿಜಯನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರು. ಹಾಜರಿ ಕೂಗಲು ಬಾಯಿ ತೆರೆದೆ. ಗಾಳಿ ಬಂತು, ಶಬ್ದ ಬರಲಿಲ್ಲ. ಶೀತವಿರಬೇಕೆಂದುಕೊಂಡು ಮಧ್ಯಾಹ್ನದವರೆಗೆ ಪಿಸುಮಾತಿನಲ್ಲೇ ಪಾಠ ಮಾಡಿದೆ. ನಾನು ಪಿಸುಗುಟ್ಟಿದರೆ ಮಕ್ಕಳೂ ಪಿಸುಗುಟ್ಟಿಯೇ ಉತ್ತರ ಹೇಳಿದವು. ಐವತ್ತು ಮಕ್ಕಳ ಕ್ಲಾಸು ಅಷ್ಟು ಸದ್ದಿಲ್ಲದೆ ಇರುವುದನ್ನು ಕಂಡು ಹೆಡ್‌ಮಿಸ್ಸು ಏನಾಯಿತೋ ಎಂದು ಬಾಗಿಲಿಗೆ ಬಂದು ಇಣುಕಿದರು.

ಶುಂಠಿ ಕಷಾಯ, ಮೆಣಸಿನ ಸಾರು, ಉಪ್ಪುನೀರು, ಜೇನು. ಮೂರು ವಾರ ಹೀಗೇ ಕಳೆಯಿತು. ಕೊನೆಗೆ ರಾಜಾಜಿನಗರದ ಗಂಟಲು ಡಾಕ್ಟರ ಬಳಿ ಹೋದೆವು. ನನ್ನ ಗಂಡ ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಪಾಳಿ ಮುಗಿಸಿ ಎಣ್ಣೆ ಕೈಯಲ್ಲೇ ಬಂದಿದ್ದರು. ಡಾಕ್ಟರು ಕನ್ನಡಿ ಇಟ್ಟು ಗಂಟಲೊಳಗೆ ನೋಡಿದರು. ಆಮೇಲೆ, "ಒಂದ್ಸಲ ಕೆಮ್ಮಿ" ಅಂದರು. ಕೆಮ್ಮಿದೆ. ಕೋಣೆ ತುಂಬ ಕೇಳಿಸುವಷ್ಟು ಜೋರಾಗಿ ಬಂತು.

"ನೋಡಿದ್ರಾ? ಕೆಮ್ಮಿಗೆ ದನಿ ಇದೆ. ಗಂಟಲು ಚೆನ್ನಾಗೇ ಇದೆ ತಾಯಿ. ಮನಸ್ಸಿಗೆ ಏನಾದ್ರೂ ಕಷ್ಟ ಇದೆಯಾ?"

ಇಲ್ಲ ಎಂದು ತಲೆಯಾಡಿಸಿದೆ. ಅವರು ಚೀಟಿಯ ಮೇಲೆ ಒಂದು ವಿಳಾಸ ಬರೆದುಕೊಟ್ಟರು. ಬಸವೇಶ್ವರನಗರದ ಒಂದು ಸಣ್ಣ ನರ್ಸಿಂಗ್ ಹೋಮಿನ ಮಾಳಿಗೆಯಲ್ಲಿ ವಾರಕ್ಕೆರಡು ಸಂಜೆ ಒಬ್ಬರು ಮೇಡಂ ಕೂರುತ್ತಾರೆ, ಮನಸ್ಸಿನ ವಿಷಯ ಓದಿದವರು ಎಂದರು.

ವಾಪಸು ಬಸ್ಸು ಹತ್ತಿದ ಮೇಲೆ ಗಂಡ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: "ಕರೆಂಟ್ ಕೊಡ್ತಾರಂತಾ?"

ಆಗ ನಮಗೆ ಗೊತ್ತಿದ್ದದ್ದು ಅಷ್ಟೇ. ಮನಸ್ಸಿಗೆ ಡಾಕ್ಟರು ಅಂದರೆ ಹುಚ್ಚಾಸ್ಪತ್ರೆ, ಹುಚ್ಚಾಸ್ಪತ್ರೆ ಅಂದರೆ ಕರೆಂಟು. ಶಾಲೆಯಲ್ಲಿ ಯಾರಿಗೂ ಹೇಳಬಾರದೆಂದು ಇಬ್ಬರೂ ತೀರ್ಮಾನಿಸಿದೆವು. ಗಂಟಲಿಗೆ ವ್ಯಾಯಾಮ ಮಾಡಿಸುತ್ತಾರೆ ಎಂದು ಹೆಡ್‌ಮಿಸ್ಸಿಗೆ ಬರೆದುಕೊಟ್ಟೆ. ಅವರು ಪಾಪ, ಪಾಠವನ್ನು ಬೇರೊಬ್ಬರಿಗೆ ವಹಿಸಿ ನನಗೆ ರಿಜಿಸ್ಟರು ಬರೆಯುವ ಕೆಲಸ ಕೊಟ್ಟರು.

ಆ ಮಾಳಿಗೆಯ ಕೋಣೆಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಎರಡು ಬೆತ್ತದ ಕುರ್ಚಿ, ಒಂದು ಮೇಜು, ಗೋಡೆಗೊಂದು ಗಡಿಯಾರ. ಕೆಳಗಿನ ವಾರ್ಡಿನಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಮೇಡಂಗೆ ನಲವತ್ತೈದರ ಆಸುಪಾಸು ವಯಸ್ಸು, ನೂಲಿನ ಸೀರೆ, ಅರ್ಧ ನರೆತ ತಲೆ. ಅವರೂ ಸುಸ್ತಾದವರಂತೆ ಕಂಡರು. ಅದರಿಂದ ಯಾಕೋ ಸ್ವಲ್ಪ ಧೈರ್ಯ ಬಂತು. ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ನನ್ನೊಬ್ಬಳನ್ನೇ ಒಳಗೆ ಕರೆದರು.

"ಭಯ ಆಗ್ತಾ ಇದೆಯಾ?"

ಹೌದು ಅಂದೆ, ಪಿಸುಮಾತಿನಲ್ಲಿ.

"ಇಲ್ಲಿ ಏನು ನಡೆಯುತ್ತೆ ಅಂತ ಮೊದ್ಲೇ ಹೇಳ್ಬಿಡ್ತೀನಿ. ನಾನು ಗುಳಿಗೆ ಬರೆಯಲ್ಲ. ಬೇಕು ಅನ್ಸಿದ್ರೆ, ಬರೆಯೋ ಡಾಕ್ಟರ ಹತ್ರ ಕಳಿಸ್ತೀನಿ. ವಾರಕ್ಕೆ ಒಂದ್ಸಲ ಬನ್ನಿ, ಮುಕ್ಕಾಲು ಗಂಟೆ. ನೀವು ಮಾತಾಡ್ತೀರಿ, ನಾನು ಕೇಳ್ತೀನಿ, ಆಗಾಗ ಏನಾದ್ರೂ ಪ್ರಶ್ನೆ ಹಾಕ್ತೀನಿ. ಇಷ್ಟ ಇಲ್ದಿದ್ರೆ ಉತ್ತರ ಕೊಡ್ಬೇಕಾಗಿಲ್ಲ. ಇಲ್ಲಿ ಆಡಿದ ಮಾತು ಈ ರೂಮ್ ಬಿಟ್ಟು ಹೋಗಲ್ಲ, ನಿಮ್ಮ ಯಜಮಾನ್ರಿಗೂ ಹೇಳಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ಸಿದ್ರೆ ಮಾತ್ರ ನಾನು ಸುಮ್ನಿರೋಕಾಗಲ್ಲ."

"ಎಷ್ಟು ವಾರಕ್ಕೆ ಸರಿಹೋಗುತ್ತೆ?"

"ಗೊತ್ತಿಲ್ಲ. ಆರು ವಾರ ನೋಡೋಣ. ಆಮೇಲೆ ಇಬ್ರೂ ಕೂತು, ಉಪಯೋಗ ಆಗ್ತಿದೆಯಾ ಇಲ್ವಾ ಅಂತ ಮಾತಾಡೋಣ. ಇನ್ನೊಂದು ಮಾತು. ಶುರುವಲ್ಲಿ ಕಷ್ಟ ಜಾಸ್ತಿಯಾದಂಗೆ ಅನ್ನಿಸ್ಬೋದು. ಹಂಗಾದ್ರೆ ನನಗೆ ಬಂದು ಹೇಳಿ. ಬಿಟ್ಬಿಡ್ಬೇಡಿ."

ಗೊತ್ತಿಲ್ಲ ಎಂದು ಹೇಳಿದ ಡಾಕ್ಟರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಗಂಡ, "ಗುಳಿಗೆ ಇಲ್ವಾ? ಹಂಗಾದ್ರೆ ಅದೆಂಥ ಡಾಕ್ಟರು?" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರೇ ಗುಳಿಗೆ ಬರೆಯದ ಡಾಕ್ಟರು.

ಆ ಮೊದಲ ದಿನವೇ ಮೇಡಂ ನನ್ನ ಮನೆಮಂದಿಯ ಬಗ್ಗೆ ಕೇಳಿದ್ದರು. ಮಲ್ಲತ್ತಹಳ್ಳಿಯಲ್ಲಿ ತವರು, ಅಪ್ಪ ಇಲ್ಲ, ಅಮ್ಮ ಅಣ್ಣನ ಜೊತೆ ಇದ್ದಾರೆ, ತಮ್ಮ ಬೊಂಬಾಯಿಯಲ್ಲಿದ್ದಾನೆ ಎಂದು ಹೇಳಿದೆ. ಅವರು ಬರೆದುಕೊಂಡರು. ಅದರಲ್ಲಿ ಕೊನೆಯದು ಸುಳ್ಳು. ತಮ್ಮ ಸತ್ತು ಒಂದು ವರ್ಷದ ಮೇಲಾಗಿತ್ತು.

ಅವನು ಬೊಂಬಾಯಿಗೆ ಹೋದದ್ದು ನಿಜ. ಅಲ್ಲಿನ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಹಳ್ಳಿಗೆ ಟಪಾಲು ತಡವಾಗುತ್ತದೆಂದು ಕಾಗದವನ್ನು ನನ್ನ ವಿಜಯನಗರದ ಮನೆಗೆ ಹಾಕುತ್ತಿದ್ದ; ಅಮ್ಮನಿಗೆ ಓದು ಬರದು, ಭಾನುವಾರ ಹೋಗಿ ನಾನು ಓದಿ ಹೇಳುತ್ತಿದ್ದೆ. ಹಾಗೆ ನಾಲ್ಕು ಕಾಗದ ಬಂದಿತ್ತು. ಐದನೆಯದಾಗಿ ಬಂದದ್ದು ತಂತಿ. ಕಾಮಾಲೆ ತಲೆಗೇರಿತ್ತಂತೆ. ಅಣ್ಣನೂ ನನ್ನ ಗಂಡನೂ ರೈಲು ಹತ್ತಿ ಹೋಗಿ, ಹೋಟೆಲಿನವರ ಸಹಾಯದಿಂದ ಅಲ್ಲೇ ಎಲ್ಲ ಮುಗಿಸಿ ಬಂದರು. ಆಗ ಅಮ್ಮ ಹೃದಯದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದರು. ಯಾವ ಆಘಾತವೂ ಆಗಬಾರದೆಂದು ಅಲ್ಲಿಯ ಡಾಕ್ಟರು ಹೇಳಿದ್ದರು.

"ಅಮ್ಮ ಸ್ವಲ್ಪ ಸುಧಾರಿಸ್ಕೊಳ್ಳಲಿ, ಆಮೇಲೆ ಹೇಳೋಣ" ಎಂದು ಅಣ್ಣ ಅಂದ. ನಮಗೆಲ್ಲ ಸರಿಯೆನಿಸಿತು. ಅಮ್ಮ ಮನೆಗೆ ಬಂದು ಹದಿನೈದು ದಿನಕ್ಕೆ, "ಅವನ ಕಾಗದ ಬಂತಾ?" ಎಂದು ಕೇಳಿದರು. ಮುಂದಿನ ಭಾನುವಾರ ನಾನು ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದುಕೊಂಡು ಹೋದೆ. ನಾನೇ ಬರೆದದ್ದು.

ಒಂದೇ ಸಲ ಅಂದುಕೊಂಡಿದ್ದೆ. ಹದಿನಾರು ಕಾಗದ ಬರೆದೆ. ಬೊಂಬಾಯಿಯ ಮಳೆ, ಹೊಸ ಷರಟು, ರಜ ಸಿಗಲಿಲ್ಲ, ಯುಗಾದಿಗೆ ಬರಲಾಗುವುದಿಲ್ಲ. ಶನಿವಾರ ಮಕ್ಕಳ ಕಾಪಿ ತಿದ್ದಿದ ಮೇಲೆ ಅದೇ ಮೇಜಿನಲ್ಲಿ ಕೂತು ಬರೆಯುತ್ತಿದ್ದೆ. ಭಾನುವಾರ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆಯುವಾಗ ಕಾಲು ಎತ್ತಿಡಲು ಆಗುತ್ತಿರಲಿಲ್ಲ. ದುಃಖ ಎಂದು ಕೂಡ ಅನಿಸುತ್ತಿರಲಿಲ್ಲ, ಬರೀ ಆಯಾಸ. ನಾನು ಗಟ್ಟಿಯಾಗಿ ಓದುತ್ತಿದ್ದರೆ ಅಮ್ಮ ಅವರೆಕಾಯಿ ಸುಲಿಯುವ ಕೈ ನಿಲ್ಲಿಸಿ, ಮುಖವನ್ನೇ ನೋಡುತ್ತ, "ಆ ಸಾಲು ಇನ್ನೊಂದ್ಸಲ ಓದವ್ವ" ಅನ್ನುತ್ತಿದ್ದರು.

ಮಾಳಿಗೆಯ ಕೋಣೆಯಲ್ಲಿ ಮೊದಲ ಮೂರು ವಾರ ನಾನು ಇದಾವುದನ್ನೂ ಹೇಳಲಿಲ್ಲ. ಶಾಲೆಯ ಕಥೆ, ನಲ್ಲಿ ನೀರಿನ ಕಥೆ, ಗಂಡನ ಪಾಳಿಯ ಕಥೆ ಹೇಳಿದೆ. ಕೆಲವೊಮ್ಮೆ ಹೇಳಲು ಏನೂ ಇಲ್ಲದೆ ಸುಮ್ಮನಾಗುತ್ತಿದ್ದೆ. ಅವರೂ ಸುಮ್ಮನಿರುತ್ತಿದ್ದರು. ಆ ಮೌನ ಮೊದಮೊದಲು ಪರೀಕ್ಷೆಯ ಹಾಗೆ ಹೆದರಿಸಿತು. ಆಮೇಲೆ, ವಾರದಲ್ಲಿ ಯಾರೂ ನನ್ನಿಂದ ಏನನ್ನೂ ಕೇಳದ ಹೊತ್ತು ಅದೊಂದೇ ಎಂದು ಗೊತ್ತಾಯಿತು. ಒಂದು ದಿನ ಅಲ್ಲೇ ತೂಕಡಿಸಿಬಿಟ್ಟೆ. ಎಚ್ಚರವಾದಾಗ ನಾಚಿಕೆಯಾಗಿ ಕ್ಷಮಿಸಿ ಅಂದೆ. "ತುಂಬ ಸುಸ್ತಾಗಿದೀರಿ" ಎಂದಷ್ಟೇ ಹೇಳಿದರು.

ನಾಲ್ಕನೇ ವಾರ ಅವರು ಕೇಳಿದರು: "ದನಿ ಹೋದ್ಮೇಲೆ ನಿಮಗೆ ಏನೇನು ಕಷ್ಟ ಆಯ್ತು ಅಂತ ಹೇಳಿದ್ರಿ. ಏನಾದ್ರೂ ಮಾಡೋದು ತಪ್ಪಿದೆಯಾ? ಮೊದ್ಲು ಮಾಡ್ತಿದ್ದು, ಈಗ ಮಾಡದೇ ಇರೋದು?"

ನನಗೆ ರೇಗಿತು. ನಾನು ನಾಟಕ ಆಡುತ್ತಿದ್ದೇನೆ ಅನ್ನುತ್ತಿದ್ದಾರೆಯೇ? ಉತ್ತರ ಕೊಡದೆ ಎದ್ದು ಬಂದೆ. ಮನೆಗೆ ಬಂದು ಸೊಪ್ಪು ಬಿಡಿಸುತ್ತ ಕೂತಾಗ ಉತ್ತರ ತಾನಾಗಿಯೇ ಬಂತು. ದನಿ ಹೋದ ಮೇಲೆ ನಾನು ಕಾಗದ ಓದಿರಲಿಲ್ಲ. ಅಮ್ಮ ಕೇಳಿದಾಗ ಗಂಟಲು ತೋರಿಸಿ ತಪ್ಪಿಸಿಕೊಳ್ಳುತ್ತಿದ್ದೆ.

ಎರಡು ವಾರ ಹೋಗಲಿಲ್ಲ. ಊಟ ಸೇರಲಿಲ್ಲ, ಮೈಕೈ ನೋವು, ರಿಜಿಸ್ಟರು ಬರೆಯುವಾಗ ಮಕ್ಕಳ ಹೆಸರೇ ಮರೆತುಹೋಗುತ್ತಿತ್ತು. "ಇದ್ದಿದ್ದೂ ಕೆಡ್ತಲ್ಲ, ಸಾಕು ಬಿಡು" ಅಂದರು ಗಂಡ. ಕಷ್ಟ ಜಾಸ್ತಿಯಾದರೆ ಬಂದು ಹೇಳಿ ಎಂದದ್ದು ನೆನಪಾಗಿ, ಮೂರನೇ ವಾರ ಒಬ್ಬಳೇ ಹೋದೆ. ಯಾಕೆ ಬರಲಿಲ್ಲವೆಂದು ಅವರು ಗದರಲಿಲ್ಲ. "ನನ್ನ ಮೇಲೆ ಸಿಟ್ಟು ಬಂತಾ?" ಅಂದರು. ಹೌದು ಅಂದೆ. "ಹೇಳಿದ್ದು ಒಳ್ಳೇದಾಯ್ತು" ಅಂದರು.

"ನನ್ನ ತಮ್ಮ ಬೊಂಬಾಯಲ್ಲಿಲ್ಲ" ಎಂದು ಶುರುಮಾಡಿದೆ.

ಪೂರ್ತಿ ಹೇಳಿದೆ. ಹದಿನಾರನೇ ಕಾಗದದಲ್ಲಿ, ತನಗೊಂದು ಹುಡುಗಿ ನೋಡಿ ಎಂದು ಅವನೇ ಕೇಳಿದ ಹಾಗೆ ಬರೆದಿದ್ದೆ. ಅಮ್ಮ ಲಗ್ಗೆರೆಯ ನೆಂಟರ ಮನೆಗೆ ಹೇಳಿಕಳಿಸಿದ್ದರು. ಅದನ್ನು ಹೇಳುವಾಗ ಅಳು ಬಂತು. ಸತ್ತ ಸುದ್ದಿ ಬಂದ ದಿನವೂ ನಾನು ಅತ್ತಿರಲಿಲ್ಲ, ಆಸ್ಪತ್ರೆಗೆ ಅಮ್ಮನ ಊಟ ಒಯ್ಯಬೇಕಾಗಿತ್ತು. ಆ ಅಳುವಿನಲ್ಲಿ ಶಬ್ದವಿತ್ತು. ಒರಟಾಗಿ, ಯಾರದೋ ದನಿಯಂತೆ. ಇಬ್ಬರಿಗೂ ಕೇಳಿಸಿತು. ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಹೋಯಿತು.

ಮುಂದಿನ ವಾರ, "ಈಗ ನಾನೇನು ಮಾಡ್ಲಿ, ನೀವೇ ಹೇಳಿ" ಎಂದು ಅಂಗಲಾಚಿದೆ. ಅದಕ್ಕೇ ಅಲ್ಲವೇ ಬಂದದ್ದು? ಅವರು ಹೇಳಲಿಲ್ಲ. ಹೇಳಿದರೆ ಏನಾಗಬಹುದು, ಹೇಳದಿದ್ದರೆ ಇನ್ನೆಷ್ಟು ಕಾಗದ, ಯಾರನ್ನು ಕೇಳಬೇಕು ಎಂದು ಒಂದೊಂದಾಗಿ ನನ್ನ ಬಾಯಲ್ಲೇ ಹೊರಡಿಸಿದರು. ಅವರು ಖಂಡಿತವಾಗಿ ಹೇಳಿದ್ದು ಒಂದೇ: ಅಮ್ಮನ ಹೃದಯ ನೋಡುವ ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ.

ಆ ಡಾಕ್ಟರು, ಈಗ ಹೇಳಬಹುದು, ಆದರೆ ಅಮ್ಮನನ್ನು ಒಬ್ಬರನ್ನೇ ಇರಗೊಡಬೇಡಿ, ಗುಳಿಗೆ ಕೈಗೆಟಕುವಂತಿರಲಿ ಅಂದರು. ಅಣ್ಣನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು.

"ಅಮ್ಮಂಗೇನಾದ್ರೂ ಆದ್ರೆ ನೀನೇ ಹೊಣೆ ಕಣೇ" ಅಂದ.

"ಆಯ್ತು. ಆದ್ರೆ ನಾನಿನ್ನು ಬರೆಯಲ್ಲ. ಬೇಕಾದ್ರೆ ನೀನು ಬರಿ."

ಅವನು ತಲೆ ತಗ್ಗಿಸಿ ಕೂತ. "ನಂಗೂ ಸಾಕಾಗೈತೆ" ಅಂದ.

ಒಂದು ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಅಮ್ಮನ ಪಕ್ಕ ಕೂತೆ. ಅಣ್ಣ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅಮ್ಮನಿಗೆ ಕಿವಿ ಮಂದ, ಎದುರುಮನೆಯವರು ಕೂಗಿದರೂ ಕೇಳಿಸುತ್ತಿರಲಿಲ್ಲ. ನನ್ನ ಪಿಸುಮಾತು ಮೊದಲ ಸಲಕ್ಕೇ ಕೇಳಿಸಿತು. ಅವರು ಕಿರುಚಲಿಲ್ಲ. ನನ್ನ ಕೈಯನ್ನು ತಮ್ಮ ತೊಡೆಯಿಂದ ತೆಗೆದು ಪಕ್ಕಕ್ಕಿಟ್ಟರು.

"ಬಾಯಿಗೆ ನೀರು ಬಿಟ್ಟೋರು ಯಾರು?"

ಯಾರಿಗೂ ಗೊತ್ತಿರಲಿಲ್ಲ.

"ಮಣ್ಣು ಹಾಕ್ದೋರು?"

"ಅಲ್ಲಿ... ಸುಟ್ಟುದ್ದಮ್ಮ" ಅಂದ ಅಣ್ಣ.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಆಗ ಅಮ್ಮ ಎದೆ ಬಡಿದುಕೊಂಡು ಅತ್ತರು. ಹೃದಯಕ್ಕೆ ಏನೂ ಆಗಲಿಲ್ಲ. ಆದರೆ ಅಳುವಿನ ನಡುವೆ ಅವರು ಹೇಳುತ್ತಿದ್ದುದು ಒಂದೇ: "ಒಂದ್ ವರ್ಸ ಹಬ್ಬ ಮಾಡಿ ಒಬ್ಬಟ್ಟು ತಿನ್ನಿಸಿದ್ರಲ್ರೋ ನಂಗೆ."

ಆಮೇಲೆ ಊರಿಗೆಲ್ಲ ತಿಳಿಸಿ ತಿಥಿ ಮಾಡಿದೆವು. ಅಮ್ಮ ಅಣ್ಣನ ಜೊತೆ ಮಾತಾಡಿದರು, ನನ್ನ ಗಂಡನ ಜೊತೆ ಮಾತಾಡಿದರು. ನನ್ನ ಜೊತೆ ನಾಲ್ಕು ತಿಂಗಳು ಮಾತಾಡಲಿಲ್ಲ. ಹೇಳಿದರೆ ಎಲ್ಲ ಹಗುರವಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲವೆಂದು ಮಾಳಿಗೆಯ ಕೋಣೆಯಲ್ಲಿ ದೂರಿದೆ. "ಹಗುರ ಆಗುತ್ತೆ ಅಂತ ನಾನೂ ಹೇಳಿರಲಿಲ್ಲ ಅಲ್ವಾ" ಎಂದು ಮೆಲ್ಲಗೆ ಅಂದರು ಮೇಡಂ. ಆ ತಿಂಗಳುಗಳಲ್ಲಿ ನಾವು ಮಾತಾಡಿದ್ದು ಹೆಚ್ಚಾಗಿ ತಮ್ಮನ ಬಗ್ಗೆ. ಮೊದಲ ಸಲ ಅವನು ನಿಜವಾಗಿ ಸತ್ತ ಹಾಗಾಯಿತು. ಅಷ್ಟರಲ್ಲಿ ದನಿ ಸ್ವಲ್ಪ ಸ್ವಲ್ಪವಾಗಿ ಮರಳಿತು. ಬೆಳಿಗ್ಗೆ ಇದ್ದರೆ ಸಂಜೆ ಇಲ್ಲ, ಒಂದು ವಾರ ಇದ್ದರೆ ಎರಡು ದಿನ ಇಲ್ಲ. ಕೊನೆಗೆ ನಿಂತಿತು, ಮೊದಲಿಗಿಂತ ಸ್ವಲ್ಪ ದಪ್ಪಗೆ. ಮತ್ತೆ ಪಾಠಕ್ಕೆ ಹೋದಾಗ, ಹೊಸ ಶಾಲಾ ವರ್ಷದ ಮಕ್ಕಳಿಗೆ ನನ್ನ ಹಳೆಯ ದನಿ ಗೊತ್ತೇ ಇರಲಿಲ್ಲ.

ಹತ್ತು ತಿಂಗಳಿಗೆ ಅಲ್ಲಿಗೆ ಹೋಗುವುದು ಮುಗಿಯಿತು. ಅದನ್ನೂ ಇಬ್ಬರೂ ಮಾತಾಡಿಯೇ ನಿಲ್ಲಿಸಿದೆವು. ಮೊದಲು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇಲ್ಲ.

ಅದಕ್ಕೆ ಸ್ವಲ್ಪ ಮೊದಲು ಅಮ್ಮ ನನ್ನನ್ನು ಕರೆದಿದ್ದರು. ಟ್ರಂಕಿನಲ್ಲಿಟ್ಟಿದ್ದ ಇಪ್ಪತ್ತು ಕಾಗದಗಳನ್ನೂ ತೆಗೆದು ಮುಂದೆ ಹಾಕಿ, "ಇದ್ರಲ್ಲಿ ಅವನು ಬರ್ದಿದ್ದು ಯಾವು?" ಅಂದರು. ನಾಲ್ಕನ್ನು ಆರಿಸಿಕೊಟ್ಟೆ. ಉಳಿದವನ್ನು ಬಚ್ಚಲ ಒಲೆಗೆ ಹಾಕಲು ಹೇಳಿದರು. ನಾನೇ ಹಾಕಿದೆ. ನೀರು ಕಾಯುವಷ್ಟು ಹೊತ್ತು ಇಬ್ಬರೂ ಅಲ್ಲೇ ಕೂತಿದ್ದೆವು. ಆಮೇಲೆ ಅಮ್ಮ ಆ ನಾಲ್ಕರಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟು, "ಓದು" ಅಂದರು. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಚಪ್ಪಲಿ ಕಿತ್ತುಹೋಗಿದೆ, ಇಲ್ಲಿಯ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ, ಅಮ್ಮನಿಗೆ ಮಂಡಿ ನೋವು ಹೇಗಿದೆ ಎಂದಷ್ಟೇ ಬರೆದಿದ್ದ. ಅಮ್ಮ ಕಣ್ಣು ಮುಚ್ಚಿ ಕೇಳಿದರು. ಆ ಸಲ ಯಾವ ಸಾಲನ್ನೂ ಎರಡನೇ ಬಾರಿ ಓದು ಅನ್ನಲಿಲ್ಲ.